ಬ್ಲಾಕಿನೊಳಗೆ ಉಳಿದ ಅರ್ಧ ಬೋಲ್ಟು

೧

ಹೇಗೆ ಶುರು ಮಾಡಲಿ? ಬೋಲ್ಟು ಮುರಿದ ಸದ್ದಿನಿಂದಲೋ, ಮುರಿದ ಮೇಲೆ ಎಲ್ಲರೂ ಸುಮ್ಮನಾದದ್ದರಿಂದಲೋ? ಸದ್ದಿನಿಂದ ಶುರುವಾದ ಮೂರು ಡ್ರಾಫ್ಟ್ ಹರಿದು ಹಾಕಿದ್ದೇನೆ. ಮೊದಲನೆಯದರಲ್ಲಿ ತಪ್ಪು ತುಕ್ಕಿನದು, ಎರಡನೆಯದರಲ್ಲಿ ಬೋಲ್ಟು ಮಾರಿದವನದು, ಮೂರನೆಯದರಲ್ಲಿ ಶನಿಯದು. (ನಗಬೇಡಿ. ಶನಿ ತಿರುಗಿ ಮಾತಾಡುವುದಿಲ್ಲ, ಅದಕ್ಕೇ ಅವನನ್ನು ಹಿಡಿದೆ.)

೨

೨೦೦೪ರ ಚಳಿಗಾಲ, ಮಹಾಲಿಂಗಪುರದ ಹತ್ತಿರ ಚನಮಲ್ಲಪ್ಪನವರ ಹೊಲ. ಕಡಿದ ಕಬ್ಬು ಗಾಣದ ಮುಂದೆ ಒಟ್ಟಿದೆ. ಗಾಣ ತಿರುಗಿಸುವ ಡೀಸೆಲ್ ಇಂಜಿನ್ನಿನ ಹೆಡ್ಡು ಸೋರುತ್ತಿದೆ. ಹನ್ನೊಂದು ವರ್ಷದಿಂದ ಆ ಇಂಜಿನ್ ನೋಡಿಕೊಂಡ ಈರಪ್ಪ ಹೊಸ ಗ್ಯಾಸ್ಕೆಟ್ ಕೂರಿಸಿ ಬೋಲ್ಟು ಬಿಗಿಯುತ್ತಿದ್ದಾನೆ. ಅಷ್ಟರಲ್ಲಿ ಚನಮಲ್ಲಪ್ಪನವರ ಹೊಸ ಅಳಿಯ, ಜಮಖಂಡಿಯ ಶಾಲಾಮಾಸ್ತರ ಬಸವಕುಮಾರ ಬಂದ. "ಕೊಡು ಇಲ್ಲಿ" ಎಂದು ಬೋಲ್ಟು ಬಿಗಿಯುವ ಪಾನಾ ಇಸಿದುಕೊಂಡ. ಸಾಲದೆಂದು ಅದರ ಹಿಡಿಕೆಗೆ ಮೂರಡಿ ಪೈಪು ಸಿಕ್ಕಿಸಿ ಎಳೆದ.

"ಸಾಕ್ರಿ," ಎಂದ ಈರಪ್ಪ. ಮತ್ತೆ ಮೆಲ್ಲಗೆ, "ಸಾಕ್ರಿ ಮಾಸ್ತರ."

ಅಳಿಯನ ಕೈ ಹಿಡಿದು ನಿಲ್ಲಿಸುವ ಪದ್ಧತಿ ನಮ್ಮ ಕಡೆ ಇಲ್ಲ. ಬೋಲ್ಟಿನ ತಲೆ ಕಳಚಿ ಬಂತು, ಉಳಿದರ್ಧ ಇಂಜಿನ್ನಿನ ಬ್ಲಾಕಿನೊಳಗೇ ಕೂತಿತು.

ಮಾವ ಚನಮಲ್ಲಪ್ಪ ಓಡಿ ಬರುವಷ್ಟರಲ್ಲಿ ಪಾನಾ ಈರಪ್ಪನ ಕೈಯಲ್ಲಿತ್ತು. (ಹೇಗೆ ಬಂತು? ಅಳಿಯ ಕೊಟ್ಟ. ಇದನ್ನು ಬರೆಯಬಾರದು ಅಂದುಕೊಂಡಿದ್ದೆ.)

"ಇಷ್ಟ ವರ್ಷ ಆತು, ಇನ್ನೂ ಕೈಗೆ ಅಂದಾಜ ಬರಲಿಲ್ಲೇನಲೇ? ನಾಳಿಂದ ಇಂಜಿನ್ ಮುಟ್ಟಬ್ಯಾಡ."

ಈರಪ್ಪ ಪಾನಾ ಒರೆಸಿ ಕೆಳಗಿಟ್ಟ. ಮುರಿದವನು ತಾನೆಂದು ಅಳಿಯನೂ ಹೇಳಲಿಲ್ಲ.

೩

ಹೆಡ್ಡು ಇಳಿಸಿದ ಇಂಜಿನ್ನು ಮಾವ-ಅಳಿಯರ ಜೊತೆ ಟ್ರ್ಯಾಲಿಯಲ್ಲಿ ಮಹಾಲಿಂಗಪುರಕ್ಕೆ, ಹೊಳೆಪ್ಪನ ಗ್ಯಾರೇಜಿಗೆ ಬಂತು. ಕಥೆಗೆ ಖಾರ ಬೇಕೆಂದು ಒಂದು ಡ್ರಾಫ್ಟಿನಲ್ಲಿ ಇಲ್ಲಿ ನಾನು ಡ್ರಿಲ್ ಜಾರಿಸಿ ಬ್ಲಾಕನ್ನೇ ಸೀಳಿಸಿದ್ದೆ. ಹೊಳೆಪ್ಪ ಒಪ್ಪಲಿಲ್ಲ.

"ನೀವು ಹಾಳಿ ಹರದ ಮತ್ತ ಬರೀತೀರಿ. ನನ್ನ ಮುಂದ ಇರೂದು ಒಂದ ಬ್ಲಾಕ್ ಐತ್ರಿ."

"ಓದೋರಿಗೆ ಸಪ್ಪಗ ಆಗತೈತಿ, ಹೊಳೆಪ್ಪಾ."

"ಆಗ್ಲಿ. ಅಲ್ಲಿ ಕಬ್ಬ ಒಣಗಾಕತ್ತೇತಿ."

ಮುರಿದ ತುಂಡಿನ ಮೇಲೆ ಒಂದು ನಟ್ಟು ಇಟ್ಟ. ಅದರ ತೂತಿನೊಳಗೆ ವೆಲ್ಡಿಂಗ್ ತುಂಬಿ ಎರಡನ್ನೂ ಒಂದು ಮಾಡಿದ. ಚನಮಲ್ಲಪ್ಪ ನೀರು ಹೊಯ್ಯಲು ಹೋದರೆ ಕೈ ಅಡ್ಡ ಹಿಡಿದು, "ತಡೀರಿ, ತಾನ ಆರ್ಲಿ," ಎಂದ. ಆರಿದ ಮೇಲೆ ಎಣ್ಣೆ ಬಿಟ್ಟು ಪಾನಾ ಹಾಕಿದ. ಕೂದಲೆಳೆಯಷ್ಟು ಹಿಂದೆ, ಅದರಲ್ಲರ್ಧ ಮುಂದೆ, ಮತ್ತೆ ಹಿಂದೆ. ಅರ್ಧ ತಾಸಿಗೆ ತುಂಡು ಬೆರಳಲ್ಲೇ ತಿರುಗಿ ಹೊರಬಂತು.

ಹೊಳೆಪ್ಪ, ಹೊಲದಲ್ಲೇ ಕಳಚಿ ಬಂದಿದ್ದ ಬೋಲ್ಟಿನ ತಲೆಯನ್ನು ಬೆಳಕಿಗೆ ಹಿಡಿದ. ಮುರಿದ ಕಡೆ ಹಳೆಯ ಸೀಳಿಲ್ಲ, ಹೊಸದಾಗಿ ತಿರುಚಿದ ಗುರುತು ಹೊಳೆಯುತ್ತಿತ್ತು. ಆಮೇಲೆ ಬಸವಕುಮಾರನ ಅಂಗೈ ನೋಡಿದ. ಪೈಪಿನ ತುಕ್ಕು ಅಲ್ಲಿನ್ನೂ ಅಂಟಿಕೊಂಡಿತ್ತು.

"ಹಳೀ ಬೋಲ್ಟ್ ರೀ ಸಾವ್ಕಾರ್ರ," ಎಂದು ಚನಮಲ್ಲಪ್ಪನ ಕಡೆ ತಿರುಗಿದ. "ಒಳಗ ಮೊದಲ ಸೀಳಿತ್ತು. ಯಾರ ಬಿಗದಿದ್ರೂ ಮುರೀತಿತ್ತು. ಈರಪ್ಪಂದೇನೂ ತಪ್ಪಿಲ್ಲ."

ಆ ಸುಳ್ಳಿಗೆ ನಾನು ಇವತ್ತಿಗೂ ಋಣಿ. (ಹೌದು, ನಾನು. ಬಸವಕುಮಾರ ನಾನೇ. 'ಅವನು' ಎನ್ನುವುದು ಅಡಗಿಕೊಳ್ಳಲು ಒಳ್ಳೆಯ ಜಾಗ.)

೪

ಮುಕ್ತಾಯಗಳು, ಬೇಕಾದ್ದು ಆರಿಸಿಕೊಳ್ಳಿ.

ಅ) ಸಂಜೆಗೆ ಗಾಣ ತಿರುಗಿತು. ಇಂಜಿನ್ ಮತ್ತೆ ಈರಪ್ಪನ ಕೈಗೆ ಬಂತು. ಇದು ಖರೆ.

ಆ) ಅಳಿಯ ಎಲ್ಲರೆದುರು ತಪ್ಪು ಒಪ್ಪಿಕೊಂಡ. ಇದು ನಡೆಯಲಿಲ್ಲ.

ಇ) ಅಳಿಯ ಈರಪ್ಪನನ್ನು ಬದಿಗೆ ಕರೆದು, ತನ್ನ ಹೆಸರು ಹೇಳದ್ದಕ್ಕೆ ಥ್ಯಾಂಕ್ಸ್ ಹೇಳಿದ. ಇದೂ ನಡೆಯಲಿಲ್ಲ. ಮೊದಲ ಕೊಪ್ಪರಿಗೆಯ ಬಿಸಿ ಬೆಲ್ಲವನ್ನು ಎಲೆಯಲ್ಲಿ ಹಿಡಿದು ತಂದವನು ಈರಪ್ಪನೇ. ನಾನು ಸುಮ್ಮನೆ ತಿಂದೆ. ಅಷ್ಟು ಚಲೋ ಬೆಲ್ಲವನ್ನು ಆಮೇಲೆ ತಿಂದಿಲ್ಲ.

"ಈರಪ್ಪಾ, ಈ ಕಥಿಯಾಗ ನಿನಗ ಕೈ ಮುಗಿತೀನಿ," ಎಂದೆ, ಈ ಸಾಲಿನ ಮೇಲೆ ಅವನನ್ನು ನಿಲ್ಲಿಸಿಕೊಂಡು.

"ಕಥಿಯಾಗ ಯಾಕ್ರಿ? ಸಾವ್ಕಾರ್ರು ಇನ್ನೂ ಗಟ್ಟಿ ಅದಾರ. ನಾನೂ ಅದೇನಿ. ಜಮಖಂಡಿಯಿಂದ ಬಸ್ಸೂ ಐತಿ."

ಓದುಗರೇ, ಕಥೆಯನ್ನು ಇಲ್ಲಿಗೇ ಬಿಟ್ಟು ಏಳುತ್ತಿದ್ದೇನೆ. ಚಪ್ಪಲಿ ಎಲ್ಲಿಟ್ಟೆನೋ, ಹುಡುಕುತ್ತಿದ್ದೇನೆ.