ಮುನ್ನುಡಿ ಬಂತು, ಪುಸ್ತಕ ಬರಲಿಲ್ಲ

“ನಮ್ಮ ಅಕ್ಕನ ಮಾತು ನಾನು ಬರದ್ರ ನಾನು ಕಳ್ಳ. ಅದಕ್ಕ ನೀವು ಸಹಿ ಮಾಡಿದ್ರ ನೀವು ಪಂಡಿತ್ರು. ಹೌದಿಲ್ರೀ ಸರ?”

“ದನಿ ಇಳಿಸು ದುರಗಪ್ಪ. ಇದು ನಿಮ್ಮ ಹೊಳಿ ದಂಡಿ ಅಲ್ಲ.”

“ಹೊಳಿ ದಂಡ್ಯಾಗ ಇಂಥಾದ್ದು ಮಾಡಿದಾಂವನ್ನ ಹರಿಗೋಲಿಗೆ ಹತ್ತಿಸಿಕೊಳ್ಳಂಗಿಲ್ರೀ.”

ಈ ಮಾತುಗಳೆಲ್ಲ ನನ್ನ ತಲೆಯ ಮೇಲೆಯೇ ಆಚೀಚೆ ಹಾರಾಡುತ್ತಿದ್ದವು. ನಾನು ಪ್ರೊಫೆಸರ್ ಗುರುಪಾದ ಮಾಸೂರ ಅವರ ಪಡಸಾಲೆಯ ಟೀಪಾಯಿಯ ಮೇಲೆ ಬಿದ್ದಿದ್ದೆ. ನನ್ನ ರಟ್ಟಿನ ಮೇಲೆ ಅವರು ಚಹಾದ ಕಪ್ಪು ಇಟ್ಟಿದ್ದರು. ಜಗಳ ನನ್ನದೇ, ಆದರೂ ನನ್ನನ್ನು ಕೇಳುವವರಿರಲಿಲ್ಲ. ಆಗ ಕೇಳದಿದ್ದರೆ ಬೇಡ, ಈಗ ನಾನೇ ಹೇಳುತ್ತೇನೆ.

ನಾನು ಒಂದು ಪಿಎಚ್.ಡಿ. ಮಹಾಪ್ರಬಂಧ. ‘ಮಹಾ’ ಎಂದು ಸೇರಿಸಿದವರು ವಿಶ್ವವಿದ್ಯಾಲಯದವರು. ನನಗೆ ಅಂಥ ದೊಡ್ಡಸ್ತಿಕೆಯೇನೂ ಇಲ್ಲ. ತುಂಗಭದ್ರೆಯಲ್ಲಿ ಹರಿಗೋಲು ನಡೆಸುವ ಅಂಬಿಗರ ಬದುಕು ಮತ್ತು ಅವರ ನುಡಿ, ಇದಿಷ್ಟೇ ನನ್ನ ವಿಷಯ. ನನ್ನನ್ನು ಬರೆದವನು ದುರಗಪ್ಪ ಅಂಬಿಗೇರ. ಹಳ್ಳಿಶಾಲೆಯಲ್ಲಿ ಓದಿ, ಹೈಸ್ಕೂಲು ಮಾಸ್ತರನಾಗಿ, ತಲೆಗೂದಲು ನೆರೆಯುವ ವಯಸ್ಸಿನಲ್ಲಿ ಸಂಶೋಧನೆಗೆ ಕೈಹಾಕಿದವನು. ಮೂಗಿನ ತುದಿಯಲ್ಲೇ ಸಿಟ್ಟು. ನನ್ನೊಳಗಿನ ಮಾತೆಲ್ಲ ಅವನದಾದ್ದರಿಂದ ಆ ಸಿಟ್ಟೂ ನನಗೆ ಬಂದಿದೆ. ನನ್ನ ಮಾತು ಒರಟೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ನಾನು ಹುಟ್ಟಿದ್ದು ವಿಶ್ವವಿದ್ಯಾಲಯದ ಗೇಟಿನೆದುರಿನ ಡಿಟಿಪಿ ಅಂಗಡಿಯಲ್ಲಿ. ಅಲ್ಲಿಂದ ಬಿಸಿಬಿಸಿ ಹಾಳೆಯಾಗಿ ಪಕ್ಕದ ಖಾದರಸಾಬನ ಬೈಂಡಿಂಗ್ ಅಂಗಡಿಗೆ ಹೋದೆ. ಖಾದರಸಾಬ ನನ್ನನ್ನು ಹೊಲಿದು, ಅಂಟು ಬಳಿದು, ಮರೂನ್ ಬಣ್ಣದ ರೆಕ್ಸಿನ್ ಹೊದಿಸಿ, ಬಂಗಾರದ ಅಕ್ಷರ ಒತ್ತಿದ. ನಾವು ಐದು ಪ್ರತಿಗಳು. ಪರೀಕ್ಷಕರಿಗೆ ಎರಡು, ಗ್ರಂಥಾಲಯಕ್ಕೆ ಒಂದು, ವಿಭಾಗಕ್ಕೆ ಒಂದು. ಉಳಿದ ನಾನು ದುರಗಪ್ಪನ ಪಾಲಿಗೆ ಬಂದೆ.

ಆದರೆ ಹೊಲಿಗೆ ಬೀಳುವ ಮೊದಲೇ ನನ್ನ ಒಂದು ಅಂಗ ಕತ್ತರಿಸಿ ಹೋಗಿತ್ತು. ಅದು ಕೊನೆಯ ಅಧ್ಯಾಯ. ಅದರ ತುಂಬ ದುರಗಪ್ಪನ ಅಕ್ಕ ಹುಲಿಗೆವ್ವನ ಮಾತುಗಳಿದ್ದವು. ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಸಾಕಿದವಳು ಅವಳು. ಶಾಲೆ ಆಚೆ ದಂಡೆಯಲ್ಲಿತ್ತು. ಹರಿಗೋಲಿನಲ್ಲಿ ಅವನನ್ನು ದಾಟಿಸಿ, ಶಾಲೆ ಬಿಡುವ ಹೊತ್ತಿಗೆ ಮತ್ತೆ ಹುಟ್ಟು ಹಾಕಿಕೊಂಡು ಹೋಗಿ ಕರೆತರುತ್ತಿದ್ದಳು. ಸುಳಿ ಬಂದರೆ ಏನು ಮಾಡಬೇಕು, ಹೊಳೆ ಬಣ್ಣ ತಿರುಗಿದರೆ ಯಾರನ್ನು ಹತ್ತಿಸಿಕೊಳ್ಳಬಾರದು ಎಂದು ಅವಳು ಹೇಳಿದ್ದನ್ನೆಲ್ಲ ಅವನು ಆ ಅಧ್ಯಾಯದಲ್ಲಿ ಬರೆದಿದ್ದ. ಅವನ ಮಾರ್ಗದರ್ಶಕರಾದ ಮಾಸೂರ ಸರ್ ಅದನ್ನು ನೋಡಿ ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದರು. ಒಡಹುಟ್ಟಿದವಳ ಮಾತು ಆಧಾರವಾಗುವುದಿಲ್ಲ, ಪರೀಕ್ಷಕರು ನಗುತ್ತಾರೆ, ತೆಗೆ ಎಂದರು. ದುರಗಪ್ಪ ಹಲ್ಲು ಕಚ್ಚಿಕೊಂಡು ತೆಗೆದ. ಪದವಿ ಬೇಕಿತ್ತಲ್ಲ. ನಾನು ಹುಟ್ಟಿದ್ದೇ ಕುಂಟನಾಗಿ.

ಮೌಖಿಕ ಪರೀಕ್ಷೆಯ ದಿನ ಹೋಳಿಗೆ ಊಟವಿತ್ತು. ಸಂಶೋಧಕನೇ ಪರೀಕ್ಷಕರಿಗೆ, ವಿಭಾಗದವರಿಗೆಲ್ಲ ಊಟ ಹಾಕಿಸಬೇಕು. ಹಾಗೆಂದು ಯಾರೂ ಬರೆದಿಟ್ಟಿಲ್ಲ, ತಪ್ಪಿಸಿದವರೂ ಇಲ್ಲ. ಹೊರಗಿನಿಂದ ಬಂದ ಪರೀಕ್ಷಕರು ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಳ್ಳುತ್ತ, ಇದು ಪುಸ್ತಕವಾಗಬೇಕು, ಜನರ ಕೈಗೆ ಸಿಗಬೇಕು ಎಂದರು. ಆ ಮಾತು ದುರಗಪ್ಪನ ತಲೆಗೆ ಹೊಕ್ಕಿತು. ಹೊಕ್ಕಿದ್ದು ಮತ್ತೆ ಹೊರಡಲಿಲ್ಲ.

ಅದೇ ವಾರ ಅವನು ನನ್ನನ್ನು ಊರಿಗೆ ಒಯ್ದು ಅಕ್ಕನ ಕೈಗೆ ಕೊಟ್ಟ. ಹೊಳೆಗೆ ಸೇತುವೆ ಬಂದು ಅವಳ ಹರಿಗೋಲು ದಂಡೆಯ ಮೇಲೆ ಬೋರಲು ಬಿದ್ದು ಬಹಳ ಕಾಲವಾಗಿತ್ತು. ಅವಳು ಕೈಯನ್ನು ಸೀರೆಗೆ ಒರೆಸಿಕೊಂಡು ನನ್ನನ್ನು ತೆಗೆದುಕೊಂಡಳು. ತೂಗಿ ನೋಡಿದಳು, ಬಂಗಾರದ ಅಕ್ಷರದ ಮೇಲೆ ಬೆರಳಾಡಿಸಿದಳು. ನನ್ನನ್ನು ಅಷ್ಟು ಚೆನ್ನಾಗಿ ಹಿಡಿದವರು ಇನ್ನೊಬ್ಬರಿಲ್ಲ.

“ಇದು ಪುಸ್ತಕ ಅಲ್ಲ ಯಕ್ಕ,” ಎಂದ ದುರಗಪ್ಪ. “ಪುಸ್ತಕ ಇನ್ನ ಆಗಬೇಕು. ಅದರಾಗ ನಿನ್ನ ಮಾತು ಇರ್ತಾವು, ನಿನ್ನ ಹೆಸರೂ ಇರ್ತದ.”

“ರಟ್ಟ ಐತಿ, ಹಾಳಿ ಅದಾವು, ಅಕ್ಷರ ಅದಾವು. ಪುಸ್ತಕಾಗಾಕ ಇನ್ನೇನು ಬೇಕೋ ಯಪ್ಪಾ?”

ಅವನು ನನ್ನನ್ನು ಅವಳ ಕೈಯಿಂದ ತೆಗೆದು ಬ್ಯಾಗಿಗೆ ಹಾಕಿಕೊಂಡ.

ಬೇಕಾಗಿದ್ದದ್ದು ಒಂದು ಮುನ್ನುಡಿ. ನಮ್ಮ ವಿಶ್ವವಿದ್ಯಾಲಯದ ಪುಸ್ತಕಗಳನ್ನು ಅಚ್ಚು ಹಾಕಿಸುವುದು ಪ್ರಸಾರಾಂಗ. ಅಲ್ಲಿ ಪ್ರಬಂಧ ಅಚ್ಚಿಗೆ ಹೋಗಬೇಕಾದರೆ ಮಾರ್ಗದರ್ಶಕರ ಮುನ್ನುಡಿ ಇರಬೇಕು. ಮದುವೆಯಲ್ಲಿ ಹೆಣ್ಣಿನ ಕಡೆಯ ಹಿರಿಯರು ಒಬ್ಬರಾದರೂ ನಿಲ್ಲಬೇಕಲ್ಲ, ಹಾಗೆ. ದುರಗಪ್ಪ ಕತ್ತರಿಸಿದ್ದ ಅಧ್ಯಾಯವನ್ನು ಮತ್ತೆ ಸೇರಿಸಿ, ಇಡೀ ಪುಸ್ತಕವನ್ನು ಹೊಸದಾಗಿ ಸಿದ್ಧಪಡಿಸಿ, ಮೊದಲ ಪುಟದಲ್ಲಿ ‘ಅಕ್ಕ ಹುಲಿಗೆವ್ವನಿಗೆ’ ಎಂದು ಬರೆದು, ಮಾಸೂರ ಸರ್ ಮನೆಗೆ ತಿರುಗತೊಡಗಿದ. ಪ್ರತಿಸಲ ಅವನ ಬ್ಯಾಗಿನಲ್ಲಿ ನಾನೂ ಇರುತ್ತಿದ್ದೆ. ಆ ಮನೆಯ ಚಪ್ಪಲಿ ಸ್ಟ್ಯಾಂಡಿನ ವಾಸನೆ ನನ್ನ ಹಾಳೆಗಳಿಗೂ ಹತ್ತಿತು.

ಸರ್‌ಗೆ ಪುರಸೊತ್ತಿರಲಿಲ್ಲ. ಒಮ್ಮೆ ವಿಚಾರಸಂಕಿರಣ, ಒಮ್ಮೆ ಮಗಳ ಮದುವೆ, ಒಮ್ಮೆ ಕಣ್ಣಿನ ಪೊರೆ. ಇಂಥ ಕೃತಿಗೆ ಕಾಟಾಚಾರಕ್ಕೆ ಬರೆಯಲಾಗದು, ಮನಸ್ಸು ಹದಕ್ಕೆ ಬರಬೇಕು ಎನ್ನುತ್ತಿದ್ದರು. ಇತ್ತ ದುರಗಪ್ಪ ಊರಿಗೆ ಹೋದಾಗಲೆಲ್ಲ ಅಕ್ಕ ಕೇಳುವಳು, ಬಂತೇನೋ ಎಂದು. ಮುನ್ನುಡಿ ಬರಬೇಕು ಎಂದು ಇವನು ಹೇಳುವನು. ಮುನ್ನುಡಿ ಯಾವುದೋ ದೂರದೂರಿಂದ ಬರುವ ನೆಂಟ ಎಂದೇ ಅವಳು ತಿಳಿದಿದ್ದಳು. ಬಸ್ಸು ತಪ್ಪಿತೇನು ಅದಕ್ಕ ಎಂದು ಒಮ್ಮೆ ಕೇಳಿದಳು.

ಕೊನೆಗೊಂದು ದಿನ ಸರ್ ಮೆತ್ತಗಾದರು. ನೀನೇ ಒಂದಿಷ್ಟು ಟಿಪ್ಪಣಿ ಮಾಡಿಕೊಡು ದುರಗಪ್ಪ, ನನಗೆ ಬರೆಯಲು ಹಗುರಾಗುತ್ತದೆ ಎಂದರು. ಇದೂ ನಮ್ಮಲ್ಲಿ ನಡೆದುಬಂದದ್ದೇ. ನಾನು ವಿದ್ಯಾರ್ಥಿಯಾಗಿದ್ದಾಗ ನಮ್ಮ ಗುರುಗಳಿಗೂ ಹಾಗೆಯೇ ಮಾಡಿಕೊಟ್ಟಿದ್ದೆ ಎಂದು ಸರ್ ನಗುತ್ತ ಹೇಳಿದರು. ದುರಗಪ್ಪನಿಗೆ ಹಿಗ್ಗೋ ಹಿಗ್ಗು. ನಾಲ್ಕು ಸಾಲಿನ ಟಿಪ್ಪಣಿ ಕೊಟ್ಟಿದ್ದರೆ ಸಾಕಿತ್ತು. ಈ ಹುಚ್ಚಪ್ಪ ಮುನ್ನುಡಿ ಇನ್ನೆಲ್ಲಿ ತಡವಾಗುತ್ತದೋ ಎಂಬ ಅವಸರಕ್ಕೆ ಇಡೀ ಮುನ್ನುಡಿಯನ್ನೇ ತಾನೇ ಬರೆದುಕೊಟ್ಟ. ಅಕ್ಕನ ಅಧ್ಯಾಯದ ತಿರುಳನ್ನೆಲ್ಲ ಅದಕ್ಕೇ ಸುರಿದ. ಆಧಾರವಲ್ಲವೆಂದು ಹಿಂದೆ ಹೊಡೆದುಹಾಕಿದ್ದ ಮಾತು ಸರ್ ಬಾಯಲ್ಲೇ ಬರಲಿ ಎಂಬ ಆಸೆಯೂ ಅವನಿಗಿತ್ತು. ಸರ್ ಓದಿ, ತಲೆದೂಗಿ, ಕೊನೆಯಲ್ಲಿ ಆಶೀರ್ವಾದದ ಒಂದು ಸಾಲು ಸೇರಿಸಿ ಸಹಿ ಮಾಡಿದರು. ಆ ಸಂಜೆ ದುರಗಪ್ಪ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬನೇ ನಿಂತು ಮಿರ್ಚಿ ತಿಂದ. ಎಣ್ಣೆಯ ಬೆರಳಿನಿಂದಲೇ ನನ್ನನ್ನು ಸವರಿದ. ಆ ಕಲೆ ಈಗಲೂ ನನ್ನ ಬೆನ್ನ ಮೇಲಿದೆ.

ಪ್ರಸಾರಾಂಗದಲ್ಲಿ ಪುಸ್ತಕ ತನ್ನ ಸರದಿಗಾಗಿ ಕುಳಿತಿತು. ಅದು ಕುಳಿತಿರುವಾಗಲೇ ಮಾಸೂರ ಸರ್ ನಿವೃತ್ತರಾದರು. ಶಿಷ್ಯರೆಲ್ಲ ಸೇರಿ, ಅವರು ಬರೆದ ಮುನ್ನುಡಿಗಳನ್ನೆಲ್ಲ ಒಟ್ಟು ಮಾಡಿ ಒಂದು ದಪ್ಪ ಸಂಪುಟ ತಂದರು. ಶಾಲು, ಹಾರ, ಭಾಷಣ ಎಲ್ಲ ಆಯಿತು. ಇನ್ನೂ ಹುಟ್ಟದ ಪುಸ್ತಕದ ಮುನ್ನುಡಿಯೂ ಅದರಲ್ಲಿ ಸೇರಿತ್ತು, ‘ಹೊಳೆಯ ಹೆಣ್ಣುಮಾತು’ ಎಂಬ ಹೊಸ ತಲೆಬರಹದೊಂದಿಗೆ. ದುರಗಪ್ಪನ ಪುಸ್ತಕದ ಸುದ್ದಿ, ಅಕ್ಕನ ಹೆಸರು ಮಾತ್ರ ಅದರಿಂದ ಬಿಟ್ಟುಹೋಗಿದ್ದವು. ಸಂಪುಟಕ್ಕೊಂದು ಬಹುಮಾನವೂ ಬಂತು. ತೀರ್ಪುಗಾರರು ಆ ಲೇಖನವನ್ನೇ ವಿಶೇಷವಾಗಿ ಹೊಗಳಿದ್ದರಂತೆ.

ಆಮೇಲೆ ಸರದಿ ಬಂತು. ಈಗ ಯಾವ ಬರಹವನ್ನಾದರೂ ಕಂಪ್ಯೂಟರಿಗೆ ಹಾಕಿ, ಬೇರೆಡೆಯಿಂದ ಎತ್ತಿದ್ದೇನಾದರೂ ಇದೆಯೇ ಎಂದು ತಪಾಸಣೆ ಮಾಡುತ್ತಾರೆ. ದುರಗಪ್ಪನ ಪುಸ್ತಕವನ್ನೂ ಹಾಕಿದರು. ಕೊನೆಯ ಅಧ್ಯಾಯದ ಸಾಲುಸಾಲಿಗೂ ಹಳದಿ ಬಣ್ಣ ಹತ್ತಿತು. ಇದೆಲ್ಲ ಮಾಸೂರ ಅವರ ಪ್ರಕಟಿತ ಬರಹದಲ್ಲಿದೆಯಲ್ಲ, ನೀವು ಹೆಸರು ಹೇಳದೆ ಎತ್ತಿಕೊಂಡಿದ್ದೀರಿ ಎಂದು ಸಮಿತಿಯವರು ಕೇಳಿದರು. ಅದು ನನ್ನದೇ, ಮುನ್ನುಡಿಯನ್ನೂ ನಾನೇ ಬರೆದುಕೊಟ್ಟದ್ದು ಎಂದು ದುರಗಪ್ಪ ಕೂಗಾಡಿದ. ಸಹಿ ಅವರದಿದೆ, ನಿಮ್ಮದೆಂಬುದಕ್ಕೆ ಸಾಕ್ಷಿ ಏನು ಎಂದರು. ಅವನು ಸಿಟ್ಟಿನ ಭರದಲ್ಲಿ ಬ್ಯಾಗಿನಿಂದ ನನ್ನನ್ನು ತೆಗೆದು ಅವರ ಮೇಜಿನ ಮೇಲೆ ಕುಕ್ಕಿದ. ಅವರು ನನ್ನನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದರು. ಆ ಮಾತು ನನ್ನೊಳಗೆ ಇರಬೇಕಲ್ಲ! ನನ್ನಿಂದ ಕಿತ್ತು ತೆಗೆದದ್ದೇ ಅದು. ಅವತ್ತು ನನಗಾದ ಸಂಕಟವನ್ನು ಹೇಗೆ ಹೇಳಲಿ? ಒಡೆಯನ ಪರವಾಗಿ ಮಾತಾಡಲು ಕರೆತಂದ ಸಾಕ್ಷಿ ಮೂಗನಾಗಿದ್ದ. ಯಾರದೋ ಸಹಿಯ ಮುಂದೆ ಬಂಗಾರದ ಅಕ್ಷರಕ್ಕೆ ಮೂರು ಕಾಸಿನ ಬೆಲೆ ಇರಲಿಲ್ಲ. ಮಾಸೂರ ಅವರಿಂದಲೇ ಒಂದು ಮಾತು ಬರೆಸಿಕೊಂಡು ಬನ್ನಿ, ಮುಂದೆ ನೋಡೋಣ ಎಂದು ಸಮಿತಿ ಎದ್ದಿತು.

ಹೀಗೆ ನಾವು ಆ ಪಡಸಾಲೆಗೆ ಬಂದದ್ದು.

ಸರ್ ಸಿಟ್ಟಾಗಲಿಲ್ಲ. ನೀನೇ ಬರೆದುಕೊಟ್ಟೆ, ನಾನು ಸಹಿ ಮಾಡಿದೆ, ಇದರಲ್ಲಿ ಮುಚ್ಚುಮರೆ ಏನಿದೆ ಎಂದರು. ಹಾಗಾದರೆ ಅದನ್ನೇ ಸಮಿತಿಗೆ ಬರೆದುಕೊಡಿ ಎಂದ ದುರಗಪ್ಪ. ಸರ್ ಚಹಾ ಗುಟುಕರಿಸಿದರು. ಬಹುಮಾನ ಬಂದ ಮೇಲೆ ಹಾಗೆ ಬರೆದರೆ ನೋಡಿದವರು ಏನೆಂದಾರು ಎಂದರು. ಆಮೇಲೆ, ಬಹಳ ಕಕುಲಾತಿಯಿಂದಲೇ, ದಾರಿ ತೋರಿಸಿದರು.

“ಅವತ್ತ ನಿಮ್ಮ ಅಕ್ಕನ ಮಾತು ಆಧಾರ ಆಗಂಗಿಲ್ಲ ಅಂದಿದ್ದೆ. ಈಗ ನನ್ನ ಲೇಖನದಾಗ ಬಂದದ, ಆಧಾರ ಆತು. ಕೆಳಗ ಅಡಿಟಿಪ್ಪಣಿ ಹಾಕು. ‘ನೋಡಿ, ಮಾಸೂರ’ ಅಂತ ಬರದು ಪುಟ ಸಂಖ್ಯಾ ಕೊಡು. ಇವತ್ತ ಹಾಕು, ನಾಳೆ ಅಚ್ಚಿಗೆ ಹೋಗ್ತದ.”

ದುರಗಪ್ಪ ಸಂಪುಟವನ್ನು ಎಳೆದುಕೊಂಡು ಆ ಪುಟ ತೆರೆದ. ಬೆರಳಿಟ್ಟು ಜೋರಾಗಿ ಓದಿದ: “‘ಸೆಳವಿಗೆ ಎದೆ ಕೊಡಬಾರದು, ಬೆನ್ನೂ ಕೊಡಬಾರದು, ಮಗ್ಗಲು ಕೊಡಬೇಕು.’ ಇದನ್ನ ನಮ್ಮ ಅಕ್ಕ ಅಂದಾಗ ನಾನು ಚಡ್ಡಿ ಹಾಕ್ಕೊಂಡು ಹರಿಗೋಲ್ಯಾಗ ಅಳಕೋತ ಕುಂತಿದ್ದೆ ಸರ. ಹೊಳಿ ತುಂಬಿತ್ತು. ಇದರ ಕೆಳಗ ನಾನು ‘ಮಾಸೂರ’ ಅಂತ ಬರೀಬೇಕಾ?”

ಅಲ್ಲಿಂದ ಜಗಳ ಹತ್ತಿತು. ಅದರ ಮೊದಲ ಮಾತುಗಳನ್ನು ಆಗಲೇ ಹೇಳಿದ್ದೇನೆ.

ಈಗ ನಾನು ಮಾಸೂರ ಸರ್ ಮನೆಯ ಕಪಾಟಿನ ಮೇಲುಹಲಗೆಯಲ್ಲಿದ್ದೇನೆ. ನನ್ನ ಆಚೀಚೆ ನನ್ನಂಥವೇ ಹತ್ತಾರು ಪ್ರಬಂಧಗಳಿವೆ, ಎಲ್ಲರೂ ಬಂಗಾರದ ಅಕ್ಷರದವರು. ಧೂಳು ಎಲ್ಲರ ಮೇಲೂ ಸಮನಾಗಿ ಬೀಳುತ್ತದೆ. ಕಪ್ಪು ಕೂತಿದ್ದ ಜಾಗದಲ್ಲಿ ನನ್ನ ರಟ್ಟಿನ ಮೇಲೊಂದು ದುಂಡನೆಯ ಕಲೆ ಉಳಿದಿದೆ, ಮೇಲಿನಿಂದ ನೋಡಿದ ಹರಿಗೋಲಿನ ಹಾಗೆ. ಕೆಳಹಲಗೆಯಲ್ಲಿ ಮುನ್ನುಡಿಗಳ ಸಂಪುಟವಿದೆ. ಬಂದವರು ಅದನ್ನೇ ಕೇಳಿ ತೆಗೆಸಿಕೊಂಡು ನೋಡುತ್ತಾರೆ. ಅದರೊಳಗೆ ಹುಲಿಗೆವ್ವ ಮಾತಾಡುತ್ತಾಳೆ, ಆದರೆ ಅವಳ ಹೆಸರಿಲ್ಲ. ನನ್ನೊಳಗೆ ಅವಳಿಗೆ ಜಾಗವೇ ಇಲ್ಲ. ಪುಸ್ತಕಾಗಾಕ ಇನ್ನೇನು ಬೇಕೋ ಎಂದು ಅವಳು ಕೇಳಿದ್ದಳು. ಬೇಕಾದದ್ದು ಮುನ್ನುಡಿಯಲ್ಲವೆಂದು ಈಗ ತಿಳಿದಿದೆ. ತಿಳಿದು ಏನು ಮಾಡಲಿ, ನನಗೆ ಕಾಲಿಲ್ಲ.

ಕಾಲಿದ್ದವನು ಅವತ್ತೇ ಹೋದ. ಸರ್ ಪೆನ್ನಿನ ಟೊಪ್ಪಿಗೆ ತೆಗೆದು ಅವನ ಮುಂದೆ ಹಿಡಿದಿದ್ದರು. ಒಂದು ಸಾಲು, ಅಷ್ಟೇ. ಬರೆದಿದ್ದರೆ ಪುಸ್ತಕ ಅಕ್ಕನ ಕೈ ಸೇರುತ್ತಿತ್ತು. ಅವಳಿಗೆ ಓದು ಬಾರದು, ಅಡಿಟಿಪ್ಪಣಿ ಅವಳ ಕಣ್ಣಿಗೆ ಬೀಳುತ್ತಲೂ ಇರಲಿಲ್ಲ. ದುರಗಪ್ಪನಿಗೂ ಅದು ಹೊಳೆದಿರಬೇಕು. ಪೆನ್ನನ್ನು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ನೋಡಿದ. ನನ್ನನ್ನು ಎತ್ತಿಕೊಳ್ಳುತ್ತಾನೆ ಎಂದುಕೊಂಡೆ. ಅವನು ಬರಿಯ ಬ್ಯಾಗು ಎತ್ತಿಕೊಂಡು ಎದ್ದ.

“ಪ್ರಬಂಧ ಬಿಟ್ಟು ಹೊಂಟಿ,” ಎಂದರು ಸರ್.

“ಅದರಾಗ ನಮ್ಮ ಅಕ್ಕ ಇಲ್ರೀ. ನೀವ ಇಟ್ಕೋರಿ.”

ಚಪ್ಪಲಿ ಮೆಟ್ಟಿದ ಸದ್ದು ಕೇಳಿತು, ಆಮೇಲೆ ಗೇಟು ತೆರೆದ ಸದ್ದು. ಗೇಟ್ ಹಾಕ್ಕೊಂಡು ಹೋಗೋ, ದನ ಬರ್ತಾವು ಎಂದು ಸರ್ ಕೂತಲ್ಲಿಂದಲೇ ಕೂಗಿದರು. ಎಲ್ಲಿ ಹೋಗ್ತಾನ, ನಾಳೆ ಬರ್ತಾನ ಎಂದು ಹೆಂಡತಿಗೆ ಹೇಳಿದರು. ನಾನು ಕಿವಿ ನಿಮಿರಿಸಿಕೊಂಡು ಕಾದೆ. ಗೇಟು ಹಾಕಿದ ಸದ್ದು ಬರಲೇ ಇಲ್ಲ. ಸಂಜೆ ಅವರ ಹೆಂಡತಿಯೇ ಹೋಗಿ ಹಾಕಿ ಬಂದರು.