ಪಟ್ಟಿಯಲ್ಲಿಲ್ಲದ ಗುಂಡ

ಸುಂದರೇಶನಿಗೆ ಮನೆಯಲ್ಲಿ ಗುಂಡ ಅಂತಲೇ ಹೆಸರು. ಮೂವತ್ತೈದು ದಾಟಿ ಮುಂದಲೆ ಬೋಳಾದರೂ ತಾಯಿ ಚೂಡಾಮಣಿಯಮ್ಮನಿಗೆ ಅವನು ಗುಂಡನೇ. ಚಾಮರಾಜಪುರಂನ ಆ ವಠಾರದಲ್ಲಿ ಅವನ ನಿಜವಾದ ಹೆಸರು ಅಂಚೆಯವನಿಗೆ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಒಮ್ಮೆ ಆಕೆ ಜಯಲಕ್ಷ್ಮಿಪುರಂನಲ್ಲಿದ್ದ ಅವನ ಕಂಪನಿಗೆ ಫೋನ್ ಮಾಡಿ, "ಗುಂಡ ಇದಾನಾ?" ಎಂದು ಕೇಳಿಬಿಟ್ಟರು. ಆಫೀಸಿಗೆ ಆಫೀಸೇ ಒಂದು ವಾರ ನಕ್ಕಿತು. ಸುಂದರೇಶ ತಾಯಿಯ ಮೇಲೆ ರೇಗಾಡಿದ್ದು ಸಾಲದೆಂದು, ಫೋನ್ ಎತ್ತಿಕೊಳ್ಳುವ ಮಧುಶ್ರೀಗೂ ಹೇಳಿಟ್ಟ.

"ಗುಂಡ ಅಂತ ಯಾರಾದ್ರೂ ಕೇಳಿದ್ರೆ, ಅಂಥವರು ಇಲ್ಲಿಲ್ಲ ಅಂದ್ಬುಡಿ."

ಪಾಪ, ಅಂದಿನಿಂದ ಚೂಡಾಮಣಿಯಮ್ಮ ಫೋನಿನಲ್ಲಿ 'ಸುಂದರೇಶ' ಎಂದೇ ಕೇಳತೊಡಗಿದರು, ಮೇಷ್ಟರ ಮುಂದೆ ಪಾಠ ಒಪ್ಪಿಸುವ ಹಾಗೆ.

ಅದು 2001ರ ಆಷಾಢ. ಕಂಪನಿಗೆ ಹೊಸ ಮೇಲ್ ಸರ್ವರ್ ಬಂದಿತ್ತು. ಮಧ್ಯಾಹ್ನ ಸುಂದರೇಶ, ಆಗಷ್ಟೇ ಕೆಲಸಕ್ಕೆ ಸೇರಿದ್ದ ಲಹರಿಗೆ ಕಂಪ್ಯೂಟರುಗಳ ಬಾಗಿಲು ಕಾಯುವ ಫೈರ್‌ವಾಲ್ ತೋರಿಸುತ್ತಾ ಕೂತಿದ್ದ.

"ಒಳಗಿನ ಮೆಶೀನಿನ ನಂಬರ್ ಹೊರಗಿನವರಿಗೆ ಗೊತ್ತಿರಲ್ಲ ಕಣಮ್ಮ. ಅವರಿಗೆ ಬೇರೆ ಒಂದು ನಂಬರ್ ಕೊಟ್ಟಿರ್ತೀವಿ. ಆ ನಂಬರಿಗೆ ಬಂದಿದ್ದನ್ನ ಫೈರ್‌ವಾಲು ಪಟ್ಟಿ ನೋಡಿ ಈ ಮೆಶೀನಿಗೇ ಕಳಿಸುತ್ತೆ. ಒಂದಕ್ಕೆ ಒಂದು, ಬದಲಾಗೋ ಹಾಗಿಲ್ಲ. ಅದೇ ಸ್ಟ್ಯಾಟಿಕ್ ನ್ಯಾಟ್."

"ಪಟ್ಟೀಲಿ ಇಲ್ದಿದ್ರೆ ಸಾರ್?"

"ಬಾಗಿಲಲ್ಲೇ ಬಿದ್ದುಹೋಗುತ್ತೆ. ಯಾರೋ ಬಂದಿದ್ರು ಅನ್ನೋದೂ ಒಳಗಿರೋನಿಗೆ ಗೊತ್ತಾಗಲ್ಲ."

ಎಷ್ಟು ಚೆನ್ನಾಗಿ ಹೇಳಿಕೊಟ್ಟೆ ಎಂದು ಅವನಿಗೇ ಹೆಮ್ಮೆಯಾಯಿತು. ಸಂಜೆ ಆರಕ್ಕೆ ಸ್ಕೂಟರ್ ನಿಲ್ಲಿಸಿದಾಗ ವಠಾರದವರೆಲ್ಲ ಅವನ ಮನೆ ಮುಂದೆ ನಿಂತಿದ್ದರು. ಪಕ್ಕದ ಮನೆ ಪಾರ್ವತಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ನಿಮ್ಮಮ್ಮ ಎದೆ ನೋವು ಅಂದ್ರು ಕಣಪ್ಪ. ಗುಂಡನ್ನ ಕರೀರಿ ಅಂದ್ರು. ಗೋಡೆ ಮೇಲೆ ಬರೆದಿದ್ದ ನಿನ್ನ ಆಫೀಸಿನ ನಂಬರಿಗೆ ಮೂರು ಸಲ ಮಾಡ್ದೆ. ಗುಂಡ ಅನ್ನೋರು ಇಲ್ಲಿಲ್ಲ ಅಂತ ಇಟ್ಬುಟ್ರು. ಡಾಕ್ಟರು ಬರೋ ಹೊತ್ಗೆ ಐದಾಗಿತ್ತು, ಅಲ್ಲೀಗಂಟ ಬಾಗ್ಲನ್ನೇ ನೋಡ್ತಿದ್ರು. ಗುಂಡ ಬಂದ್ನಾ ಅನ್ನೋದೊಂದೇ ಮಾತು."

ಅವನು ಒಳಗೆ ಹೋಗಿ ತಾಯಿಯ ಶವದ ಪಕ್ಕ ಕೂತ. ಮಧುಶ್ರೀಯನ್ನು ಬಯ್ಯುವಂತಿರಲಿಲ್ಲ. ಹೇಳಿದ್ದನ್ನು ಆಕೆ ಚಾಚೂ ತಪ್ಪದೆ ಮಾಡಿದ್ದಳು.

ತಿಥಿ ಮುಗಿದ ಮೇಲೆ ಪಾರ್ವತಮ್ಮ ಆಫೀಸಿನಲ್ಲಿ ಅವನನ್ನು ಕರೆಯುವ ಹೆಸರು ಕೇಳಿ ಬಾಯಿಪಾಠ ಮಾಡಿಕೊಂಡರು. ವಠಾರದವರೆಲ್ಲ ಅದೇ ಹೆಸರು ಹಿಡಿದರು.

ಹದಿನಾಲ್ಕನೆಯ ದಿನ ಆಫೀಸಿಗೆ ಹೋದವನು ಮೊದಲು ಮಧುಶ್ರೀಯ ಮೇಜಿನ ಮೇಲಿದ್ದ, ಯಾರಿಗೆ ಯಾವ ಒಳಫೋನಿನ ನಂಬರು ಎಂಬ ಪಟ್ಟಿ ಎಳೆದುಕೊಂಡು, ಕೊನೆಯಲ್ಲಿ ತನ್ನ ನಂಬರಿನ ಜೊತೆ ದುಂಡಗೆ ಬರೆದ: ಗುಂಡ, 27.

ಆಕೆ ತಲೆ ತಗ್ಗಿಸಿ ಕೇಳಿದಳು, "ಆ ಹೆಸ್ರಲ್ಲಿ ಯಾರಾದ್ರೂ ಮಾಡ್ತಾರಾ ಸಾರ್?"

"ಇಲ್ಲ ಕಣಮ್ಮ," ಎಂದ ಸುಂದರೇಶ. "ಇನ್ನು ಯಾರೂ ಮಾಡಲ್ಲ."