ಮುಚ್ಚಳದ ಮೇಲಿನ ತಾರೀಕು

ಆ ಡಬ್ಬಿಯನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಗೇಣುದ್ದದ ಕೆಂಪು ಡಬ್ಬಿ, ಮೇಲೊಂದು ಓಡುವ ಚಿರತೆಯ ಚಿತ್ರ, ಒಳಗೆ ಜೇನಿನ ಹಾಗೆ ಅಂಟುವ ಎಣ್ಣೆ. ಎಂಜಿನ್ ಆಯಿಲ್ ಜೊತೆಗೆ ಇದನ್ನೂ ಸುರಿದರೆ ಮುದಿ ಎಂಜಿನ್ನಿಗೆ ಮತ್ತೆ ಹರೆಯ ಬರುತ್ತದಂತೆ. ಥೂ! ಇಪ್ಪತ್ತಾರು ವರ್ಷ ಎಂಜಿನ್ ಬಿಚ್ಚಿ ಜೋಡಿಸಿದವನು ನಾನು. ಸವೆದ ಕಬ್ಬಿಣ ಎಣ್ಣೆ ಕುಡಿದು ಮತ್ತೆ ಬೆಳೆದದ್ದನ್ನು ಒಂದು ದಿನವೂ ಕಂಡಿಲ್ಲ.

ಆದರೂ ಆ ದರಿದ್ರ ಡಬ್ಬಿಗಳು ನನ್ನ ಗ್ಯಾರೇಜಿನ ಕಪಾಟಿನಲ್ಲೇ ಸಾಲಾಗಿ ಕೂತಿದ್ದವು. ಕಾರಣ ನನ್ನ ಹೆಂಡತಿಯ ತಮ್ಮ. ಹಿಡಿದ ಕೆಲಸವೆಲ್ಲ ಕೈಕೊಟ್ಟ ಮೇಲೆ ಅವನು ಈ ಡಬ್ಬಿ ಮಾರಲು ಹೊರಟಿದ್ದ; ಎಲ್ಲರೂ ಅವನನ್ನು ಟಾನಿಕ್ ಎಂದೇ ಕರೆಯುತ್ತಿದ್ದರು. ಅವನ ಹತ್ತಿರ ಒಂದು ಪುಟ್ಟ ಯಂತ್ರವಿತ್ತು. ತಿರುಗುವ ಚಕ್ರಕ್ಕೆ ಕಬ್ಬಿಣದ ತುಂಡೊಂದನ್ನು ಒತ್ತುವುದು. ಬರೀ ಆಯಿಲ್ ಹಾಕಿದರೆ ಚಕ್ರ ಕಿರ್ರೆಂದು ನಿಂತುಬಿಡುತ್ತಿತ್ತು, ಅವನ ಎಣ್ಣೆ ಹನಿಸಿದರೆ ಸದ್ದಿಲ್ಲದೆ ತಿರುಗುತ್ತಿತ್ತು.

"ನೋಡಿದ್ರಾ ಭಾವ?" ಎಂದ ಮೊದಲ ದಿನ, ಮುಖ ಊರಗಲ ಮಾಡಿಕೊಂಡು.

"ನೋಡ್ದೆ. ಈಗ ಕಾರಿನ ಎಂಜಿನ್ ಒಳಗೆ ಈ ಚಕ್ರ ಎಲ್ಲಿದೆ ತೋರ್ಸು."

"ನೀವು ಯಾವಾಗ್ಲೂ ಹೀಗೇ. ಎಷ್ಟೊಂದು ಜನ ಹಾಕ್ತಿದಾರೆ ಗೊತ್ತಾ?"

"ಆಯಿಲ್ ಮಾಡೋರು ಏನೇನು ಬೆರೆಸ್ಬೇಕೋ ಎಲ್ಲಾ ಬೆರೆಸೇ ಕೊಟ್ಟಿರ್ತಾರೆ. ಅದರ ಮೇಲೆ ನಿಂದೇನೋ ಒಗ್ಗರಣೆ?"

ಅವತ್ತು ಊಟಕ್ಕೆ ಕೂತಾಗ ಹೆಂಡತಿಯ ಮುಖ ಗಂಟಾಗಿತ್ತು. "ರೀ, ಅವನೇನು ವಿಷ ಮಾರ್ತಿದಾನಾ? ಒಂದು ಮೂಲೇಲಿ ಇಟ್ಕೊಂಡ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದಳು. ಮನೆಯ ನೆಮ್ಮದಿಗೆಂದು ಇಟ್ಟುಕೊಂಡೆ. ಯಾರಿಗೂ ಹಾಕಿ ಅನ್ನುತ್ತಿರಲಿಲ್ಲ, ಕೇಳಿದವರಿಗೆ ಇಲ್ಲ ಅನ್ನುತ್ತಲೂ ಇರಲಿಲ್ಲ. ನಾನು ಮಾರುವ ಪ್ರತಿ ಆಯಿಲ್ ಡಬ್ಬಿಯ ಮುಚ್ಚಳದ ಮೇಲೂ ಕಪ್ಪು ಪೆನ್ನಿನಲ್ಲಿ ತಾರೀಕು ಬರೆದುಕೊಡುತ್ತೇನೆ, ಮುಂದೆ ಯಾವಾಗ ಬದಲಿಸಬೇಕೆಂದು ಗಿರಾಕಿಗೆ ತಿಳಿಯಲಿ ಅಂತ. ಅಭ್ಯಾಸಬಲದಿಂದ ಈ ದರಿದ್ರಕ್ಕೂ ಬರೆಯುತ್ತಿದ್ದೆ.

ಒಂದು ಮಧ್ಯಾಹ್ನ ಗರಿಗರಿ ಇಸ್ತ್ರಿಯ ಬೂದು ಅಂಗಿ ತೊಟ್ಟವನೊಬ್ಬ ಬಂದ. ಕಾರು ತಂದಿರಲಿಲ್ಲ. ಸೀದಾ ಕಪಾಟಿನ ಮುಂದೆ ನಿಂತ.

"ಮೇಸ್ತ್ರಿ, ನಮ್ಮ ಕಾರು ಸ್ವಲ್ಪ ನೀಲಿ ಹೊಗೆ ಬಿಡ್ತಿದೆ. ಇದು ಹಾಕಿದ್ರೆ ನಿಲ್ಲುತ್ತಾ?"

"ಹೊಗೆ ಬಿಡ್ತಿದೆ ಅಂದ್ರೆ ಒಳಗೆ ರಿಂಗು ಸವೆದು ಎಂಜಿನ್ ಆಯಿಲ್ ಸುಡ್ತಿದೆ ಅಂತ. ಎಂಜಿನ್ ಇಳಿಸಿ ರಿಪೇರಿ ಮಾಡ್ಬೇಕು. ಒಳ್ಳೇ ಎಂಜಿನ್‌ಗೆ ಈ ಡಬ್ಬಿ ಬೇಕಾಗಿಲ್ಲ, ಕೆಟ್ಟ ಎಂಜಿನ್‌ಗೆ ಇದು ಸಾಲಲ್ಲ."

"ಹಾಗಾದ್ರೆ ಏನೂ ಪ್ರಯೋಜನ ಇಲ್ವಾ?"

"ಯಾಕಿಲ್ಲ? ಆಯಿಲ್ ಗಟ್ಟಿಯಾಗಿ ಹೊಗೆ ಹದಿನೈದು ದಿನ ಅಡಗಿರುತ್ತೆ. ಕಾರು ಮಾರೋದಿದ್ರೆ ಹಾಕಿ!"

ನನ್ನ ಮಾತಿಗೆ ನಾನೇ ನಕ್ಕೆ. ಅವನು ನಗಲಿಲ್ಲ. "ಎರಡು ಕೊಡಿ" ಎಂದ.

ನನಗೆ ಅರ್ಥವಾಗಲಿಲ್ಲವೇ? ಚೆನ್ನಾಗಿಯೇ ಆಯಿತು. ಯಾರ ಕಾರೋ, ಯಾರ ತಲೆಗೋ, ನನಗೇಕೆ ಊರ ಉಸಾಬರಿ ಅಂದುಕೊಂಡು, ತಾರೀಕು ಬರೆದು ಎರಡು ಡಬ್ಬಿ ಅವನ ಕೈಗಿಟ್ಟೆ.

ಅದಾಗಿ ನಾಲ್ಕೈದು ದಿನಕ್ಕೆ ತಂಗಿಯ ಫೋನು ಬಂತು. ಅವಳು ಒಂಬತ್ತು ವರ್ಷದಿಂದ ಒಬ್ಬನ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುತ್ತಿದ್ದಳು. ಕಲಿಯುವವರ ಎದುರಿಗೇ ಬಾಯಿಗೆ ಬಂದಂತೆ ಬೈಯುವ ಯಜಮಾನ ಅವನು. ಆ ಕೆಲಸ ಬಿಟ್ಟು ಸ್ವಂತ ಶಾಲೆ ತೆರೆಯಲು ಹಳೇ ಕಾರೊಂದನ್ನು ಗೊತ್ತುಮಾಡಿದ್ದಳು.

"ಅಣ್ಣ, ಒಂದ್ಸಲ ಬಂದು ನೋಡ್ಬಿಡು. ಇರೋದನ್ನೆಲ್ಲ ಇದಕ್ಕೇ ಸುರೀತಿದೀನಿ."

ನಾನು ಗೇರ್‌ಬಾಕ್ಸ್ ಬಿಚ್ಚಿ ಹರವಿಕೊಂಡು ಕೂತಿದ್ದೆ. "ಪುರುಸೊತ್ತಿಲ್ಲ ಕಣೇ. ಸ್ಟಾರ್ಟ್ ಮಾಡ್ಸಿ ಹಿಂದೆ ನಿಂತು ನೋಡು. ನೀಲಿ ಹೊಗೆ ಬರ್ಲಿಲ್ಲ ಅಂದ್ರೆ ಕಣ್ಮುಚ್ಕೊಂಡು ತಗೋ" ಎಂದೆ.

ಅವಳು ಹಿಂದೆ ನಿಂತು ನೋಡಿದಳು. ಹೊಗೆ ಬರಲಿಲ್ಲ. ಕಣ್ಣು ಮುಚ್ಚಿಕೊಂಡು ತೆಗೆದುಕೊಂಡಳು.

ಮೂರನೇ ವಾರ ಆ ಕಾರು ನನ್ನ ಗ್ಯಾರೇಜಿನ ಮುಂದೆ ಬಂದು ನಿಂತಾಗ ಅದರ ಹಿಂದಿನ ಬೀದಿ ಕಾಣುತ್ತಿರಲಿಲ್ಲ, ಅಷ್ಟು ಹೊಗೆ. ಸ್ಟಿಯರಿಂಗ್ ಹಿಂದೆ ಅವಳ ಮೊದಲ ವಿದ್ಯಾರ್ಥಿ ಇದ್ದ, ಐವತ್ತು ದಾಟಿದ ದರ್ಜಿ; ಪಕ್ಕದಲ್ಲಿ ತಂಗಿ.

"ನಾನೇನೂ ಮಾಡ್ಲಿಲ್ಲ ಸ್ವಾಮಿ, ಬರೀ ಎರಡನೇ ಗೇರ್ ಹಾಕ್ದೆ" ಎಂದ, ಸ್ಟಿಯರಿಂಗ್ ಬಿಡದೆ.

ಬಾನೆಟ್ ಎತ್ತಿ ಆಯಿಲ್ ಅಳೆಯುವ ಕಡ್ಡಿ ಎಳೆದೆ. ಎರಡು ಬೆರಳಿಗೆ ಹಚ್ಚಿ ಬಿಡಿಸಿದರೆ ಸಿಂಬಳದ ಹಾಗೆ ಉದ್ದಕ್ಕೆ ಎಳೆ ಬಂತು. ಮೂಗಿಗೆ ಹಿಡಿದೆ. ಆ ಡಬ್ಬಿಯದೇ ಕಮಟು ಸಿಹಿ ವಾಸನೆ.

ತಂಗಿ ಡಿಕ್ಕಿ ತೆಗೆದು ಎರಡು ಖಾಲಿ ಕೆಂಪು ಡಬ್ಬಿ ತಂದು ನನ್ನ ಮುಂದೆ ಕುಕ್ಕಿದಳು. "ಸ್ಪೇರ್ ಟೈರ್ ಕೆಳಗೆ ಸಿಕ್ತು ಅಣ್ಣ. ಇದನ್ನೇನಾ ಹಾಕಿರೋದು?"

"ಇದನ್ನೇ. ಹೊಗೆ ಅಡಗ್ಸೋಕೆ."

"ಕಾರು ಮಾರಿದ ಆ ಬೂದು ಅಂಗಿಯೋನು ಮೋಸಗಾರ, ಬಿಡು. ಇದನ್ನ ಅವನಿಗೆ ಕೊಟ್ಟ ಅಂಗಡಿಯೋನಿಗೆ ಗೊತ್ತಿರ್ಲಿಲ್ವಾ ಯಾತಕ್ಕೆ ತಗೊಂಡ್ಹೋಗ್ತಿದಾನೆ ಅಂತ? ಹಳೇ ಶಾಲೇಲಿ ಕೆಲಸ ಬಿಟ್ಟಾಗಿದೆ. ಈ ಕಾರನ್ನ ನಂಬ್ಕೊಂಡು ಇನ್ನೂ ನಾಲ್ಕು ಜನ ಹೆಸರು ಕೊಟ್ಟಿದಾರೆ. ಆ ಅಂಗಡಿಯೋನ ಮನೆ ಹಾಳಾಗ!"

ಮುಚ್ಚಳದ ಮೇಲೆ ಕಪ್ಪು ಪೆನ್ನಿನ ತಾರೀಕು ಹಾಗೇ ಇತ್ತು. ನನ್ನದೇ ಬರಹ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಟಾನಿಕ್ ಪೆದ್ದ, ಆದರೆ ಮಾರುವುದನ್ನು ನಂಬಿ ಮಾರುತ್ತಿದ್ದ. ನಾನು ಒಂದು ಹನಿಯನ್ನೂ ನಂಬದೆ ಮಾರಿದ್ದೆ. ಸುಮ್ಮನಿದ್ದುಬಿಡಬಹುದಿತ್ತು. ಬಾಯಿ ಕೇಳಲಿಲ್ಲ.

"ಹಾಗನ್ಬೇಡ ಕಣೇ. ಅದು ನಿನ್ನ ತವರುಮನೆ."

ಅವಳು ಮುಚ್ಚಳ ನೋಡಿದಳು, ನನ್ನ ಜೇಬಿನ ಪೆನ್ನು ನೋಡಿದಳು, ಕಪಾಟಿನ ಕಡೆ ತಿರುಗಿದಳು. ದರ್ಜಿ ತಲೆ ತಗ್ಗಿಸಿ ಸ್ಟಿಯರಿಂಗ್ ಒರೆಸತೊಡಗಿದ. ಉಗಿಯಲಿ, ಬೈಯಲಿ ಎಂದು ಕಾದೆ.

"ಎಂಜಿನ್ ಇಳಿಸು. ಹೊಸ ರಿಂಗು ಹಾಕು. ಎಷ್ಟು ದಿನ ಆಗುತ್ತೆ?"

"ಹತ್ತು ದಿನ."

ಕೈ ಚಾಚಿದಳು. "ಅಲ್ಲೀವರೆಗೂ ನಿನ್ನ ಕಾರಿನ ಕೀ ಕೊಡು."

ಹನ್ನೊಂದು ವರ್ಷದಿಂದ ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿ, ಬೇರೆ ಏನನ್ನೂ ಒಂದು ಹನಿ ಹಾಕದೆ ಸಾಕಿದ ಕಾರು. ಹೆಂಡತಿಗೂ ಓಡಿಸಲು ಬಿಟ್ಟವನಲ್ಲ. ಕೀ ಕೊಟ್ಟೆ. ಅವಳು ದರ್ಜಿಯನ್ನು ಅದರ ಸ್ಟಿಯರಿಂಗ್ ಮುಂದೆ ಕೂರಿಸಿ, ತಾನು ಪಕ್ಕದಲ್ಲಿ ಕೂತು ಬಾಗಿಲು ಹಾಕಿಕೊಂಡಳು. ಅವನು ನನ್ನ ಗೇರನ್ನು ಕರಕರ ಅರೆಯುತ್ತಾ ಬೀದಿಗೆ ಇಳಿಸಿದ. ತವರಿನ ಮಾತು ಬಂದ ಮೇಲೆ ಅವಳು ಒಂದು ಸಲವೂ ನನ್ನನ್ನು ಅಣ್ಣ ಅನ್ನಲಿಲ್ಲ.